ಕ್ಯಾಶ್‌ಬ್ಯಾಕ್ ಕಾರ್ಡ್ ಬೇಡವೆನ್ನುವವರಿಗೆ ಉತ್ತರ

ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಮನೆಗೆ ಕ್ಯಾಶ್‌ಬ್ಯಾಕ್ ಕಾರ್ಡಿನಿಂದ ಲಾಭವಿದೆ ಎಂದು ಬರೆದಿದ್ದೆ. ಅದಕ್ಕೆ ಬಂದ ಆಕ್ಷೇಪಗಳಲ್ಲಿ ಕೆಲವು ನಿಜಕ್ಕೂ ತೂಕದವು.

"ಬ್ಯಾಂಕಿನವರು ಪುಕ್ಕಟೆ ದುಡ್ಡು ಕೊಡುತ್ತಾರಾ?" ಇಲ್ಲ. ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರ ಕೈಯಿಂದ ನೂರಕ್ಕೆ ಸುಮಾರು ಎರಡು ರೂಪಾಯಿ ಶುಲ್ಕವಾಗಿ ಹೋಗುತ್ತದೆ, ಅದರ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ದೊಡ್ಡ ಆನ್‌ಲೈನ್ ಮಳಿಗೆಗಳಲ್ಲಿ ಈ ಖರ್ಚು ಬೆಲೆಯಲ್ಲೇ ಸೇರಿರುತ್ತದೆ. ನೀವು ಹೇಗೆ ಪಾವತಿಸಿದರೂ ಸಾಮಾನ್ಯವಾಗಿ ಬೆಲೆ ಒಂದೇ, ಹಾಗಾಗಿ ಅಲ್ಲಿ ಕ್ಯಾಶ್‌ಬ್ಯಾಕ್ ಬಿಡಲು ನನಗೆ ಕಾರಣ ಕಾಣುವುದಿಲ್ಲ. ಬೀದಿಯ ದಿನಸಿ ಅಂಗಡಿಯ ಮಾತು ಬೇರೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಅಂಗಡಿಯವರು ಶುಲ್ಕ ಕೊಡಬೇಕಿಲ್ಲ. ನನಗೆ ಸಿಗುವ ಒಂದು ಪರ್ಸೆಂಟಿಗಾಗಿ ಅವರ ಎರಡು ಪರ್ಸೆಂಟ್ ಕಳೆಯುವುದು ನ್ಯಾಯವಲ್ಲ, ಅಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವುದೇ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಲ್ಯಾಪ್‌ಟಾಪ್ ಕೊಳ್ಳಲು ಹೋದರೆ, "ಕಾರ್ಡಾದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗತ್ತೆ ಸಾರ್" ಎನ್ನುವವರಿದ್ದಾರೆ. 40,000 ರೂಪಾಯಿಗೆ 800 ಹೆಚ್ಚು ಕೊಟ್ಟು 400 ವಾಪಸ್ ಪಡೆಯುವುದರಲ್ಲಿ ಅರ್ಥವಿಲ್ಲ.

"ವಾರ್ಷಿಕ ಶುಲ್ಕವೇ ಎಲ್ಲವನ್ನೂ ನುಂಗುತ್ತದೆ." ಲೆಕ್ಕ ಹಾಕಿ ನೋಡಿ. ಎಸ್‌ಬಿಐ ಕಾರ್ಡ್‌ನವರು 2022ರಲ್ಲಿ ತಂದ ಕ್ಯಾಶ್‌ಬ್ಯಾಕ್ ಕಾರ್ಡ್ ಆನ್‌ಲೈನ್ ಖರೀದಿಗೆ 5%, ಉಳಿದದ್ದಕ್ಕೆ 1%, ವರ್ಷಕ್ಕೆ 999 ರೂಪಾಯಿ ಶುಲ್ಕ ಎಂಬ ಷರತ್ತಿನೊಂದಿಗೆ ಬಂತು. ತಿಂಗಳಿಗೆ ಆನ್‌ಲೈನಿನಲ್ಲಿ 15,000, ಸೂಪರ್ ಮಾರ್ಕೆಟ್ಟು, ಬಟ್ಟೆಬರೆಗೆ 10,000 ಖರ್ಚಾಗುವ ಮನೆಗೆ ಇದರಿಂದ 850 ರೂಪಾಯಿ, ವರ್ಷಕ್ಕೆ 10,200. ಜಿಎಸ್‌ಟಿ ಸೇರಿದ ಶುಲ್ಕ 1,179 ಕಳೆದರೂ ಒಂಬತ್ತು ಸಾವಿರ ಮಿಗುತ್ತದೆ. ಆದರೆ ಬಾಡಿಗೆ, ಪೆಟ್ರೋಲು, ವ್ಯಾಲೆಟ್ಟಿಗೆ ತುಂಬುವ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅವಕ್ಕೆ ಕ್ಯಾಶ್‌ಬ್ಯಾಕ್ ಇಲ್ಲ. ಬ್ಯಾಂಕು ಷರತ್ತು ಬದಲಿಸಿದಾಗಲೆಲ್ಲ ಲೆಕ್ಕ ಹೊಸದಾಗಿ ಹಾಕಬೇಕು. ಇದೇ ಕಾರ್ಡಿನ ತಿಂಗಳ ಕ್ಯಾಶ್‌ಬ್ಯಾಕ್ ಮಿತಿ 2023ರಲ್ಲಿ 10,000ದಿಂದ 5,000 ರೂಪಾಯಿಗೆ ಇಳಿಯಿತು.

"ಇದು ಸಾಲದ ಕೂಪ" ಎಂದವರ ಕಳವಳ ನನ್ನದೂ ಹೌದು. ಅದೇ ಮನೆಯವರು 25,000ದ ಬಿಲ್ಲಿಗೆ ಕನಿಷ್ಠ ಮೊತ್ತವೆಂದು 1,250 ಮಾತ್ರ ಕಟ್ಟಿದರು ಎನ್ನಿ. ಉಳಿದ 23,750ಕ್ಕೆ ತಿಂಗಳಿಗೆ 3.75%ರಂತೆ ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 1,050 ರೂಪಾಯಿ. ಆ ತಿಂಗಳ 850 ಅಲ್ಲೇ ಮುಳುಗಿತು. ಅಷ್ಟೇ ಅಲ್ಲ, ಬಡ್ಡಿ ಶುರುವಾಗುವುದು ಖರೀದಿಯ ದಿನದಿಂದ, ಮತ್ತು ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ. ಈ ಬಡ್ಡಿ ವರ್ಷಕ್ಕೆ 30% ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಾಗಾಗಿ ಆಟೋ ಡೆಬಿಟ್ ಹಾಕುವಾಗ 'ಮಿನಿಮಮ್ ಡ್ಯೂ' ಬಿಟ್ಟು 'ಟೋಟಲ್ ಡ್ಯೂ' ಆರಿಸಿ. ಖಾತೆಯಲ್ಲಿ ಅಷ್ಟು ಹಣ ಉಳಿಯುವ ನಂಬಿಕೆ ಇಲ್ಲದವರಿಗೆ ಈ ಕಾರ್ಡ್ ಬೇಡವೇ ಬೇಡ.

"ಖರ್ಚು ಹೆಚ್ಚುತ್ತದೆ" ಎಂಬುದೂ ಸುಳ್ಳಲ್ಲ. 5%ರ ಆಸೆಗೆ ಬೇಡದ 2,000 ರೂಪಾಯಿಯ ಚಪ್ಪಲಿ ಕೊಂಡರೆ 100 ಬಂದು 1,900 ಹೋಯಿತು. ಆ ಚಪಲವಿದ್ದವರು ಡೆಬಿಟ್ ಕಾರ್ಡಿನಲ್ಲೇ ಇರಲಿ.

ಕೊನೆಯ ಆಕ್ಷೇಪ ಪಾಯಿಂಟ್ಸ್ ಕಾರ್ಡಿನವರದು: ವಿಮಾನದ ಟಿಕೆಟ್ಟಿಗೆ ಬಳಸಿದರೆ ಪಾಯಿಂಟಿನ ಬೆಲೆ ಇನ್ನೂ ಹೆಚ್ಚು ಎನ್ನುತ್ತಾರೆ. ಮೇಲಿಂದ ಮೇಲೆ ಹಾರುವವರ ಮಟ್ಟಿಗೆ ಒಪ್ಪುತ್ತೇನೆ. ಉಳಿದವರು ಪಾಯಿಂಟಿಗೆ ಎಷ್ಟು ಪೈಸೆ, ಅವಧಿ ಯಾವಾಗ ಮುಗಿಯುತ್ತದೆ, ಬಿಡಿಸಿಕೊಳ್ಳಲು ಶುಲ್ಕವೆಷ್ಟು ಎಂದು ಹುಡುಕುತ್ತ ಕೂರಬೇಕು. ಎಸ್‌ಬಿಐನವರ ಆ ಕಾರ್ಡಿನಲ್ಲಿ ಕ್ಯಾಶ್‌ಬ್ಯಾಕ್ ತಾನಾಗಿ ಕಾರ್ಡಿನ ಖಾತೆಗೆ ಜಮೆಯಾಗುತ್ತದೆ. ಅಷ್ಟೂ ರೂಪಾಯಿ ನೀವು ಕಟ್ಟಬೇಕಾದ ಮೊತ್ತದಲ್ಲಿ ಕಡಿಮೆಯಾಗುತ್ತದೆ.