ಉಪವಾಸ ಸಲ್ಲದ ರೋಗಿ

ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಹತ್ತನೆಯ ತರಗತಿಯಲ್ಲಿ ನನ್ನಿಂದ ಜೀವಶಾಸ್ತ್ರ ಹೇಳಿಸಿಕೊಂಡವನು. ಈಗ ಬೆಂಗಳೂರಿನಲ್ಲಿ ಸಂಸಾರಸ್ಥ.

"ಸರ್, ಮಗಳು ಸಾಕಿರೋ ಗಿನಿಪಿಗ್ ಬೆಳಗಿನಿಂದ ಏನೂ ಮುಟ್ಟಿಲ್ಲ. ಮೂಲೆಯಲ್ಲಿ ಮುದುಡಿಕೊಂಡು ಕೂತಿದೆ. ಅಮ್ಮ ತೆಳ್ಳಗೆ ಗಂಜಿ ಕುಡಿಸು ಅಂತಾರೆ. ನನ್ನ ಹೆಂಡತಿ ಮೊಸರನ್ನ ಕೊಡೋಣ ಅಂತಾಳೆ. ಹೊಟ್ಟೆ ಕೆಟ್ಟಿದ್ದರೆ ಒಂದು ದಿನ ಖಾಲಿ ಇರಲಿ, ಸೋಮವಾರ ಡಾಕ್ಟರ ಹತ್ತಿರ ಹೋದರಾಯ್ತು ಅಂತ ನಾನು. ನೀವೇನು ಹೇಳ್ತೀರಿ ಸರ್?"

ಮೂವರೂ ಹೇಳಿದ್ದು ಅಕ್ಕರೆಯಿಂದಲೇ. ಆದರೆ ಮೂವರು ಹೇಳಿದ್ದೂ ತಪ್ಪು. ಇಷ್ಟು ನಿಷ್ಠುರವಾಗಿ ಹೇಳುವ ಅಧಿಕಾರ ನನಗೆ ನನ್ನ ಪದವಿಯಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಇವೇ ಮೂರು ತಪ್ಪುಗಳನ್ನು ನಮ್ಮ ಮನೆಯಲ್ಲಿ ನಾನೇ ಮಾಡಿ, ಒಂದು ಜೀವವನ್ನು ಕಳೆದೆ.

ಆಗ ಬೇಸಿಗೆಯ ರಜೆ. ಮಗ ಸೊಸೆ ಪ್ರವಾಸ ಹೊರಟಾಗ ಮೊಮ್ಮಗಳು ತನ್ನ ಗಿನಿಪಿಗ್ಗನ್ನು ನಮ್ಮ ವಶಕ್ಕೆ ಒಪ್ಪಿಸಿ ಹೋಗಿದ್ದಳು. ನಾಲ್ಕನೆಯ ದಿನ ಅದು ಹುಲ್ಲು ತಿನ್ನುವುದನ್ನು ನಿಲ್ಲಿಸಿತು. ಲಂಘನವೇ ಪರಮೌಷಧವೆಂದು ಕೇಳಿಕೊಂಡೇ ಬೆಳೆದವನು ನಾನು. ಒಂದು ದಿನ ಸುಮ್ಮನಿದ್ದೆ. ಮರುದಿನ ನನ್ನಾಕೆ ಅಕ್ಕಿಯ ಗಂಜಿಗೆ ಒಂದಿಷ್ಟು ಹಾಲು ಬೆರೆಸಿ ಚಮಚದಿಂದ ಕೊಟ್ಟಳು. ಅದು ನಾಲ್ಕು ಸಲ ನೆಕ್ಕಿತು. ಗುಣವಾಗುತ್ತಿದೆಯೆಂದು ಇಬ್ಬರೂ ಹಿಗ್ಗಿದೆವು. ಮೂರನೆಯ ದಿನ ಬೆಳಗ್ಗೆ ಗೂಡಿನಲ್ಲಿ ಅದು ತಣ್ಣಗಾಗಿತ್ತು. ಮೊಮ್ಮಗಳು ಹಿಂದಿರುಗಿ ಬಂದ ಸಂಜೆಯನ್ನು ಕುರಿತು ಇಲ್ಲಿ ಬರೆಯಲಾರೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ದೇಹದಲ್ಲಿ ವಿಟಮಿನ್ ಸಿ ತಯಾರಿಸಿಕೊಳ್ಳಲಾರದ ಪ್ರಾಣಿಗಳಲ್ಲಿ ಗಿನಿಪಿಗ್ ಒಂದು ಎಂದು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ನಮ್ಮ ಪಾಲಿಗೆ ಅದು ಒಂದು ಅಂಕದ ಪ್ರಶ್ನೆಯಾಗಿತ್ತು. ಆ ಪ್ರಾಣಿಯೇ ಹಸಿದು ನನ್ನ ಮುಂದೆ ಕುಳಿತಾಗ ಆ ಒಂದು ಅಂಕದ ಉತ್ತರ ನನ್ನ ನೆನಪಿಗೆ ಬರಲಿಲ್ಲ.

ಆಮೇಲೆ ಪಶುವೈದ್ಯರನ್ನು ಕೇಳಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರಿನಲ್ಲಿ ಹಂದಿ ಇದ್ದರೂ ಗಿನಿಪಿಗ್ ಇಲಿಯಂತೆ ದಂಶಕ ವರ್ಗದ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ಹುಲ್ಲುಬಾಕ. ಅದರ ಸೀಕಮ್ ಎಂಬ ದೊಡ್ಡ ಕರುಳಚೀಲದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿದ್ದು, ಹುಲ್ಲಿನ ನಾರನ್ನು ಅವು ಹುದುಗಿಸಿ ಆಹಾರವಾಗಿಸುತ್ತವೆ. ಈ ಕರುಳು ಚಲಿಸುವುದಕ್ಕೆ ಮೇಲಿನಿಂದ ನಾರು ಬರುತ್ತಲೇ ಇರಬೇಕು. ಬರುವುದು ನಿಂತರೆ ಚಲನೆ ಕುಂದುತ್ತದೆ, ಒಳಗೆ ವಾಯು ತುಂಬುತ್ತದೆ, ನೋವಾಗುತ್ತದೆ, ನೋವಿನಿಂದ ಪ್ರಾಣಿ ಇನ್ನಷ್ಟು ಆಹಾರ ಬಿಡುತ್ತದೆ. ಅತ್ತ ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗತೊಡಗುತ್ತದೆ. ನಮಗೆ ಒಂದು ಏಕಾದಶಿಯ ಉಪವಾಸ ಹಗುರ. ಗಿನಿಪಿಗ್ಗಿಗೆ ಹನ್ನೆರಡು ಗಂಟೆ ಆಹಾರವಿಲ್ಲದಿರುವುದೇ ತುರ್ತು ಸ್ಥಿತಿ. ಇಪ್ಪತ್ತನಾಲ್ಕು ಗಂಟೆಯಾದರೆ ಪ್ರಾಣಕ್ಕೇ ಅಪಾಯ.

ಇನ್ನು ಗಂಜಿ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ಇಬ್ಬರು ನಾವಿಕರ ಕಾಯಿಲೆಯೊಂದನ್ನು ಅರಿಯಲು ಗಿನಿಪಿಗ್ಗುಗಳಿಗೆ ಬರೀ ಧಾನ್ಯದ ಆಹಾರ ಕೊಟ್ಟರು. ಅವುಗಳಿಗೆ ಬಂದದ್ದು ಸ್ಕರ್ವಿ; ಸೊಪ್ಪು ಹಣ್ಣುಗಳಿಲ್ಲದೆ ಕಡಲಯಾನದಲ್ಲಿ ನಾವಿಕರನ್ನು ಕೊಲ್ಲುತ್ತಿದ್ದ ಅದೇ ರೋಗ. ವಿಟಮಿನ್ ಸಿ ಎಂಬ ಹೆಸರೇ ಹುಟ್ಟುವ ಮೊದಲಿನ ಮಾತಿದು. ಗಂಜಿಯಲ್ಲಿ ನಾರೂ ಇಲ್ಲ, ಆ ವಿಟಮಿನ್ನೂ ಇಲ್ಲ. ಇರುವ ಪಿಷ್ಟವಾದರೋ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತದೆ. ಹಾಲು ಮೊಸರುಗಳೂ ಬೆಳೆದ ಗಿನಿಪಿಗ್ಗಿಗೆ ಸಲ್ಲವು. ಬ್ರೆಡ್ಡು, ಬಿಸ್ಕತ್ತು, ಶಿಶುಗಳಿಗೆ ಕೊಡುವ ಧಾನ್ಯದ ಸಿದ್ಧಪುಡಿ ಇವೂ ಅಷ್ಟೇ. ಇವೆಲ್ಲ ಕಾಯಿಲೆ ಬಿದ್ದ ಮನುಷ್ಯನ ಪಥ್ಯ. ನಮ್ಮ ಹೊಟ್ಟೆಗೆ ಹಿತವಾದದ್ದು ಎಲ್ಲ ಹೊಟ್ಟೆಗೂ ಹಿತವೆಂದು ತಿಳಿಯುವುದೇ ನಾವು ಮಾಡುವ ಮೊದಲ ತಪ್ಪು.

ಹಾಗಾದರೆ ಏನನ್ನು ಆರಿಸಬೇಕು? ನನ್ನ ಅಭಿಪ್ರಾಯದಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು, ಆಹಾರದ ಮುಖ್ಯ ವಸ್ತು ಹುಲ್ಲಾಗಿರಬೇಕು. ಎರಡನೆಯದು, ಅದರಲ್ಲಿ ವಿಟಮಿನ್ ಸಿ ಇರಬೇಕು. ಆರೋಗ್ಯವಂತ ಗಿನಿಪಿಗ್ಗಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 10ರಿಂದ 30 ಮಿಲಿಗ್ರಾಂ ಬೇಕು. ಕಾಯಿಲೆಯಲ್ಲಿ ಇನ್ನೂ ಹೆಚ್ಚು. ಮೂರನೆಯದು, ಸಕ್ಕರೆ, ಜೇನು, ಹಿಟ್ಟುಗಳ ಬೆರಕೆ ಇರಬಾರದು. ಆಕ್ಸ್‌ಬೋ ಸಂಸ್ಥೆಯ ಕ್ರಿಟಿಕಲ್ ಕೇರ್‌ನಂತಹ ಪುಡಿಗಳು ಇದಕ್ಕೆಂದೇ ತಯಾರಾದವು. ತಿಮೋತಿ ಹುಲ್ಲಿನ ನಾರು, ಜೊತೆಗೆ ವಿಟಮಿನ್ ಸಿ. ಬೆಚ್ಚಗಿನ ನೀರಿನಲ್ಲಿ ಕಲಸಿ ಸಿರಿಂಜಿನಿಂದ ತಿನ್ನಿಸಬಹುದು. ಪೊಟ್ಟಣದ ಬೆಲೆ ಕೆಲವೊಮ್ಮೆ ಪ್ರಾಣಿಯನ್ನು ಕೊಂಡ ಬೆಲೆಗಿಂತ ಹೆಚ್ಚಾದೀತು. ಅದಕ್ಕಾಗಿ ಹಿಂಜರಿಯುವವರು ಪ್ರಾಣಿಯನ್ನು ತರುವ ಮೊದಲೇ ಹಿಂಜರಿಯುವುದು ಲೇಸು. ಕಾಯಿಲೆ ಬಂದಮೇಲೆ ಹುಡುಕುವ ಬದಲು ಒಂದು ಪೊಟ್ಟಣ ಮೊದಲೇ ತರಿಸಿಡಿ. ತಾರೀಖನ್ನೂ ನೋಡಿಕೊಳ್ಳಿ, ಏಕೆಂದರೆ ಕಾಲ ಕಳೆದಂತೆ ವಿಟಮಿನ್ ಸಿ ನಶಿಸುತ್ತದೆ.

ಪುಡಿ ಕೈಗೆ ಸಿಗದ ರಾತ್ರಿ ಏನು ಗತಿ? ಅದು ದಿನವೂ ತಿನ್ನುವ ಹುಲ್ಲಿನ ಗುಳಿಗೆಗಳನ್ನೇ, ಅಂದರೆ ಪೆಲೆಟ್ಟುಗಳನ್ನು, ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಕಿವುಚಿ, ಆರಿಸಿ ಕೊಡಬಹುದು. ಕಾಳು ಬೀಜಗಳು ಬೆರೆತ ಬಣ್ಣಬಣ್ಣದ ಮಿಶ್ರಣ ಬೇಡ. ಇದು ಪೂರ್ಣ ಪರಿಹಾರವಲ್ಲ, ಬೆಳಗಾಗುವವರೆಗಿನ ಆಸರೆ. ಜೊತೆಗೆ ಗರಿಕೆ, ಕೊತ್ತಂಬರಿ, ದಪ್ಪ ಮೆಣಸಿನಕಾಯಿಯ ಒಂದು ಹೋಳು ಇವನ್ನು ಎದುರಿಗಿಟ್ಟಿರಬೇಕು. ತಾನಾಗಿ ಬಾಯಿ ಹಾಕಿದರೆ ಅದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ.

ತಿನ್ನಿಸುವುದಕ್ಕೂ ಕ್ರಮವುಂಟು. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಳ್ಳಬೇಕೇ ಹೊರತು ಮಗುವಿನಂತೆ ಅಂಗಾತ ಮಲಗಿಸಬಾರದು. ಸಿರಿಂಜನ್ನು ಬಾಚಿಹಲ್ಲುಗಳ ಹಿಂದೆ, ಬಾಯಿಯ ಪಕ್ಕದಿಂದ ಇಟ್ಟು, ಒಮ್ಮೆಗೆ ಅರ್ಧ ಮಿಲಿಲೀಟರಿನಷ್ಟು ಮಾತ್ರ ಬಿಟ್ಟು, ಅಗಿದು ನುಂಗುವವರೆಗೆ ಕಾಯಬೇಕು. ಅವಸರಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋದೀತು. ಕಿಲೋ ತೂಕಕ್ಕೆ ದಿನವೊಂದಕ್ಕೆ ಕಲಸಿದ ಆಹಾರ ಸುಮಾರು 50ರಿಂದ 80 ಮಿಲಿಲೀಟರ್. ಅದನ್ನು ನಾಲ್ಕರಿಂದ ಆರು ಸಲಕ್ಕೆ ಹಂಚಿ, ರಾತ್ರಿಯೂ ಎದ್ದು ಕೊಡಬೇಕು. ಪ್ರತಿದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಹೊಟ್ಟೆಗೆ ಸೇರಿದ್ದು ಸಾಕೋ ಸಾಲದೋ ಎಂಬುದನ್ನು ಆ ತೂಕ ಹೇಳುತ್ತದೆ, ಹಿಕ್ಕೆಗಳು ಹೇಳುತ್ತವೆ; ನಮ್ಮ ಸಮಾಧಾನ ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ಒತ್ತಿ ಹೇಳಬೇಕು. ಆಹಾರ ಚಿಕಿತ್ಸೆಯಲ್ಲ. ಗಿನಿಪಿಗ್ ಸುಮ್ಮಸುಮ್ಮನೆ ತಿನ್ನುವುದನ್ನು ಬಿಡುವುದಿಲ್ಲ. ಅದರ ಇಪ್ಪತ್ತು ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ. ಸವೆಯದಿದ್ದರೆ ದವಡೆ ಹಲ್ಲಿನ ಮೊನೆ ನಾಲಿಗೆಯನ್ನು ಕೊರೆಯುತ್ತದೆ. ಮೂತ್ರಕೋಶದ ಕಲ್ಲು, ಶ್ವಾಸಕೋಶದ ಸೋಂಕು, ಬೇರೆಲ್ಲಿಯದೋ ನೋವು, ಹೀಗೆ ಕಾರಣಗಳು ಹಲವು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಅಥವಾ ಮೈ ತಣ್ಣಗಿದ್ದರೆ ವೈದ್ಯರು ನೋಡುವ ಮೊದಲು ಬಲವಂತವಾಗಿ ತಿನ್ನಿಸಲೂ ಬಾರದು. ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನಂತೂ ಮುಟ್ಟಬೇಡಿ. ನಮಗೆ ನಿತ್ಯಪರಿಚಿತವಾದ ಅಮಾಕ್ಸಿಸಿಲಿನ್, ಪೆನಿಸಿಲಿನ್ ಜಾತಿಯ ಔಷಧಗಳು ಬಾಯಿಂದ ಹೋದರೆ ಈ ಪ್ರಾಣಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಹಾಳುಗೆಡವಿ ಪ್ರಾಣವನ್ನೇ ತೆಗೆಯಬಲ್ಲವು.

ನನ್ನ ಶಿಷ್ಯನಿಗೆ ಅಂದು ರಾತ್ರಿ ಹೇಳಿದ್ದು ಇದನ್ನೇ. "ನೋಡಪ್ಪ, ಸೋಮವಾರದವರೆಗೆ ಕಾಯಬೇಡ. ಹೊಟ್ಟೆ ಮುಟ್ಟಿ ನೋಡು. ಮೆತ್ತಗಿದ್ದು ಮೈ ಬೆಚ್ಚಗಿದ್ದರೆ ಪೆಲೆಟ್ ನೆನೆಸಿ ಸ್ವಲ್ಪಸ್ವಲ್ಪ ಕೊಡು. ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ಎಲ್ಲಿದ್ದಾರೆಂದು ಈಗಲೇ ವಿಚಾರಿಸು. ಅಮ್ಮನಿಗೆ ಬೇಸರವಾಗದಂತೆ ಹೇಳು, ಗಂಜಿ ಬೇಡ." ಭಾನುವಾರ ಬೆಳಗ್ಗೆ ಅವನು ವೈದ್ಯರನ್ನು ಕಂಡ. ದವಡೆ ಹಲ್ಲು ನಾಲಿಗೆಗೆ ಚುಚ್ಚಿ ಹುಣ್ಣಾಗಿತ್ತಂತೆ. ಹಲ್ಲು ಉಜ್ಜಿಸಿ, ನೋವಿಗೆ ಔಷಧ ಕೊಡಿಸಿ, ಹುಲ್ಲಿನ ಪುಡಿಯನ್ನು ತಂದು ಈಗ ಮನೆಮಂದಿ ಸರದಿಯಂತೆ ತಿನ್ನಿಸುತ್ತಿದ್ದಾರೆ. ರಾತ್ರಿಯ ಸರದಿ ಅವನ ತಾಯಿಯದು. ಇನ್ನೂ ಪೂರ್ತಿ ಗುಣವಾಗಿಲ್ಲ. ನಿನ್ನೆ ತಾನಾಗಿ ಒಂದು ಎಸಳು ಹುಲ್ಲು ಎಳೆದುಕೊಂಡಿತೆಂದು ತಿಳಿಸಿದ.

ನಮ್ಮ ಮೊಮ್ಮಗಳು ಮತ್ತೆ ಎರಡು ಗಿನಿಪಿಗ್ಗುಗಳನ್ನು ಸಾಕಿದ್ದಾಳೆ. ಈ ದಸರೆಯ ರಜೆಗೆ ಅವನ್ನು ನಮ್ಮಲ್ಲೇ ಬಿಟ್ಟುಹೋಗುವುದಾಗಿ ಮೊನ್ನೆ ಹೇಳಿದಳು. "ನಮ್ಮನ್ನು ನಂಬುತ್ತೀಯೇನಮ್ಮಾ?" ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಪುಡಿಯ ಪೊಟ್ಟಣ ತರಿಸಿಟ್ಟಿದ್ದೇನೆ. ಹಿತ್ತಲಿನ ಒಂದು ಮೂಲೆಯಲ್ಲಿ ನನ್ನಾಕೆ ಗರಿಕೆ ಬೆಳೆಸುತ್ತಿದ್ದಾಳೆ.