ಅರ ಹಿಡಿಯದ ಕೈಗೆ ಲೋಹದ ಪಾಠವೆ?

ಲೋಹದ ಪಾಠವನ್ನು ಕಪ್ಪುಹಲಗೆಯ ಮೇಲೆಯೇ ಮುಗಿಸಬಹುದೆಂದು ನಂಬಿದವರೊಡನೆ ನನ್ನದು ಹಳೆಯ ಜಗಳ. ಈಗ ಹಲಗೆಯ ಜಾಗಕ್ಕೆ ಕಂಪ್ಯೂಟರ್ ಪರದೆ ಬಂದಿದೆ; ವಾದ ಮಾತ್ರ ಅದೇ. ಲೇತ್ ಯಂತ್ರ ದುಬಾರಿ, ಅಪಾಯಕಾರಿ. ಪರದೆಯಲ್ಲಿ ತೋರಿಸಿದರೆ ಸಾಲದೆ ಎನ್ನುತ್ತಾರೆ.

ಸಾಲದು. ಬೀಡು ಕಬ್ಬಿಣದಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಹೆಚ್ಚು, ಮೆದು ಉಕ್ಕಿನಲ್ಲಿ ಸುಮಾರು 0.25ಕ್ಕಿಂತ ಕಡಿಮೆ ಎಂದು ಬಾಯಿಪಾಠ ಮಾಡಿದವನಿಗೆ ಅಂಕ ದೊರೆಯುತ್ತದೆ. ಎರಡನ್ನೂ ಲೇತಿಗೆ ಕೊಟ್ಟು ನೋಡಿದವನಿಗೆ ಅರ್ಥ ದೊರೆಯುತ್ತದೆ. ಮೆದು ಉಕ್ಕು ಸುರುಳಿಸುರುಳಿಯಾಗಿ ಸುಲಿದು ಬರುತ್ತದೆ. ಬೂದು ಬೀಡು ಪುಡಿಯಾಗಿ ಉದುರಿ ಬೆರಳನ್ನು ಕಪ್ಪಾಗಿಸುತ್ತದೆ. ಆ ಕಪ್ಪೇ ಗ್ರಾಫೈಟ್. ಬೀಡನ್ನು ಪೆಡಸಾಗಿಸುವುದೂ ಅದೇ, ಯಂತ್ರದ ನಡುಕವನ್ನು ಹೀರಿಕೊಳ್ಳುವುದೂ ಅದೇ. ಲೇತಿನ ಮೈಯನ್ನು ಬೀಡಿನಲ್ಲಿ ಎರಕ ಹೊಯ್ಯುವುದೇಕೆಂಬ ಪ್ರಶ್ನೆಗೆ ಉತ್ತರ ಆ ಬೆರಳ ತುದಿಯಲ್ಲಿದೆ.

ಪರದೆ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಚಕ್ಕಿನಲ್ಲಿ ಕೀಲಿ ಮರೆತು ಯಂತ್ರ ತಿರುಗಿಸಿದರೆ ಏನಾದೀತೆಂಬುದನ್ನು ಅಲ್ಲಿ ಕಲಿಯುವುದೇ ಲೇಸು! ಆದರೆ ಅರ ಲೋಹವನ್ನು ಕಚ್ಚುತ್ತಿದೆಯೋ, ಬರಿದೆ ಜಾರುತ್ತಿದೆಯೋ ಎಂಬುದನ್ನು ಅಂಗೈಯೇ ಹೇಳಬೇಕು.

ನಿಜವಾದ ಅಡ್ಡಿ ಹಣವಲ್ಲ, ಕೈಕೆಲಸದ ಬಗೆಗಿನ ತಾತ್ಸಾರ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ 1953ರಲ್ಲಿ ಬೆಂಗಳೂರಿನ ಎಚ್.ಎಂ.ಟಿ.ಯನ್ನೂ ಕಂಡ ನಾಡಿನಲ್ಲಿ, ಹುಡುಗನೊಬ್ಬ ಐ.ಟಿ.ಐ. ಸೇರಿದನೆಂದರೆ ನೆಂಟರ ಮುಖ ಬಾಡುವುದೇಕೆ?

ನನ್ನ ಶಿಷ್ಯರಲ್ಲಿ ವಿದ್ಯಾಸಂಸ್ಥೆ ನಡೆಸುವವರಿಗೊಂದು ಮಾತು. ಹೊಸ ಪರದೆ ಕೊಳ್ಳುವ ಮೊದಲು ಮಕ್ಕಳಿಗೆ ತಲಾ ಒಂದು ಅರ, ಒಂದು ಉಕ್ಕಿನ ತುಂಡು ಕೊಡಿ. ಮೂಲೆಮಟ್ಟ ಇಟ್ಟರೆ ಸಂದಿನಲ್ಲಿ ಬೆಳಕು ನುಸುಳದಂತೆ ಅದರ ಎರಡು ಬದಿಗಳನ್ನು ಉಜ್ಜಲು ಹೇಳಿ. ಪುಸ್ತಕವನ್ನು ಆಮೇಲೆ ತೆರೆಯಿರಿ.