ಒಂದು ರಾತ್ರಿಯಲ್ಲಿ ಮುಗಿಯುವ ಬಣ್ಣ

‘ಹನ್ನೆರಡು ನಿಮಿಷದ ಸಿನಿಮಾ. ಬಣ್ಣದ ಕೆಲಸ ಒಂದು ರಾತ್ರಿಯಲ್ಲಿ ಆಗುತ್ತದಲ್ಲ?’

ಕಿರುಚಿತ್ರ ಮಾಡುವ ನಮ್ಮ ಹುಡುಗರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕಥೆಗೆ ಆರು ತಿಂಗಳು ತಲೆ ಕೆಡಿಸಿಕೊಂಡವರು, ಚಿತ್ರೀಕರಣಕ್ಕೆ ನಾಲ್ಕು ದಿನ ಊಟ ನಿದ್ದೆ ಬಿಟ್ಟವರು, ಸಂಕಲನಕ್ಕೆ ತಿಂಗಳೊಪ್ಪತ್ತು ಕೂತವರು, ಕಲರ್ ಗ್ರೇಡಿಂಗ್‌ಗೆ ಮಾತ್ರ ಸ್ಪರ್ಧೆಯ ಕೊನೆಯ ದಿನಾಂಕದ ಹಿಂದಿನ ರಾತ್ರಿಯನ್ನು ಎತ್ತಿಟ್ಟಿರುತ್ತಾರೆ. ಆ ಕೆಲಸ ಮಾಡಬೇಕಾದವನೋ ಇನ್ನೊಬ್ಬ ಗೆಳೆಯ. ಸಂಬಳವಿಲ್ಲ, ಕೊನೆಯಲ್ಲಿ ಹೆಸರು ಹಾಕುತ್ತೇವೆಂಬ ಆಶ್ವಾಸನೆ ಮಾತ್ರ. ಅವನೂ ‘ಆಗುತ್ತದೆ’ ಎನ್ನುತ್ತಾನೆ. ಈ ‘ಆಗುತ್ತದೆ’ಯ ಬಗ್ಗೆಯೇ ನಮ್ಮ ತಕರಾರು.

ಒಂದು ರಾತ್ರಿಯಲ್ಲಿ ಆಗುವುದು ಏನೆಂದು ನಾವು ಕಣ್ಣಾರೆ ನೋಡಿದ್ದೇವೆ. ನಮ್ಮ ಪರಿಚಯದ ಹುಡುಗನೊಬ್ಬ ತನ್ನ ತಾಯಿಯನ್ನೇ ಮುಖ್ಯ ಪಾತ್ರದಲ್ಲಿಟ್ಟು ಕಿರುಚಿತ್ರ ಮಾಡಿದ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸಿನ ಕಥೆ. ಆ ತಾಯಿಯೂ ಬೀಡಿ ಕಟ್ಟಿದವರೇ, ಆದ್ದರಿಂದ ನಟಿಸುವ ಕಷ್ಟವಿರಲಿಲ್ಲ. ಮನೆಯ ಟಿ.ವಿ.ಯಲ್ಲಿ ಎಲ್ಲರೂ ಕೂತು ಚಿತ್ರ ನೋಡಿದೆವು. ಚಿತ್ರ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಮೋನೆ, ನಾನು ಯಾವಾಗ ಇಷ್ಟು ಬಿಳಿಯಾದೆ?’

ಎಲ್ಲರೂ ನಕ್ಕರು. ಮಗ ನಗಲಿಲ್ಲ. ಹಿಂದಿನ ರಾತ್ರಿ ಗೆಳೆಯ ಮಾಡಿದ್ದು ಇಷ್ಟೆ: ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಸಿದ್ಧ ‘ಲಟ್’ ಒಂದನ್ನು ಇಡೀ ಚಿತ್ರದ ಮೇಲೆ ಹಾಸಿದ್ದ. ಯಾವ ಬಣ್ಣ ಬಂದರೆ ಅದನ್ನು ಯಾವುದಕ್ಕೆ ಬದಲಿಸಬೇಕೆಂದು ಮೊದಲೇ ಬರೆದಿಟ್ಟ ಪಟ್ಟಿಗೆ ಆ ಹೆಸರು. ನೆರಳೆಲ್ಲ ನೀಲಿಹಸಿರು, ಮುಖವೆಲ್ಲ ಕಿತ್ತಳೆ. ಮುಖ ಕಪ್ಪಾಯಿತೆಂದು ಬೆಳಕನ್ನು ಒಟ್ಟಿಗೆ ಏರಿಸಿದ್ದ. ಆ ಪಟ್ಟಿಯನ್ನು ಬರೆದವನು ಯಾವ ದೇಶದವನೋ, ಯಾರ ಮುಖವನ್ನು ಎದುರಿಗಿಟ್ಟುಕೊಂಡು ಬರೆದನೋ! ಬಿಸಿಲಿಗೆ ಕಂದಿದ ನಮ್ಮ ಕರಾವಳಿಯ ಹೆಂಗಸಿನ ಮುಖವಂತೂ ಅವನ ಮುಂದೆ ಇರಲಿಲ್ಲ.

ಇದು ಹೊಸ ರೋಗವೇನಲ್ಲ. ಅಮೆರಿಕದ ಕೊಡಾಕ್ ಕಂಪೆನಿ ಫೋಟೋ ಲ್ಯಾಬುಗಳಿಗೆ ಕಳುಹಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಅವಳ ಬಣ್ಣ ಸರಿ ಬಂದರೆ ಯಂತ್ರ ಸರಿಯಿದೆ ಎಂದು ಅರ್ಥ. ಬೇರೆ ಬೇರೆ ಮೈಬಣ್ಣದ ಮುಖಗಳಿರುವ ಕಾರ್ಡು ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಸಿನಿಮಾದಲ್ಲಿ ಈ ಕಥೆ ಇನ್ನೂ ಮುಂದುವರಿದಿದೆ. ಸ್ಟೀವನ್ ಸೋಡರ್‌ಬರ್ಗ್‌ನ ‘ಟ್ರಾಫಿಕ್’ (2000) ಚಿತ್ರದಲ್ಲಿ ಮೆಕ್ಸಿಕೋ ಹೊಗೆಸೊಪ್ಪಿನ ಹಳದಿಯಲ್ಲಿ ಬೇಯುತ್ತಿದ್ದರೆ ಅಮೆರಿಕದ ಒಹಾಯೋ ತಣ್ಣನೆಯ ನೀಲಿ. ಅಲ್ಲಿಂದೀಚೆಗೆ ಬಡವರ ದೇಶವೆಂದರೆ ಹಳದಿ, ಮುಸ್ಲಿಮರ ಊರೆಂದರೆ ಹಳದಿ ಎಂಬುದು ರೂಢಿಯಾಗಿಬಿಟ್ಟಿದೆ. 2020ರಲ್ಲಿ ಬಂದ ‘ಎಕ್ಸ್‌ಟ್ರಾಕ್ಷನ್’ ಚಿತ್ರದ ಢಾಕಾ ನೋಡಿ. ಬಾಂಗ್ಲಾದಂಥ ಹಸಿರು ನಾಡಿನ ರಾಜಧಾನಿ ಅಲ್ಲಿ ಕಾಮಾಲೆ ಹಿಡಿದವರ ಕಣ್ಣಿಗೆ ಕಂಡ ಹಾಗೆ ಕಾಣುತ್ತದೆ. ಆ ದೃಶ್ಯಗಳಲ್ಲಿ ಎಷ್ಟೋ ಭಾಗ ತೆಗೆದದ್ದು ಅಹಮದಾಬಾದ್ ಮತ್ತು ಥಾಯ್ಲೆಂಡಿನಲ್ಲಿ ಎಂಬುದು ಇನ್ನೊಂದು ತಮಾಷೆ.

ಅವರನ್ನು ಬಯ್ಯುವುದು ಸುಲಭ. ನಮ್ಮವರೇ ಮಸೀದಿ ಗಲ್ಲಿಯನ್ನು ತೋರಿಸುವಾಗ ಅದೇ ಹಳದಿಯನ್ನು, ಅದೇ ಮಂಕು ಹಸಿರನ್ನು ಬಳಿಯುತ್ತಾರಲ್ಲ, ಅದಕ್ಕೆ ಏನೆನ್ನೋಣ? ಸೌಹಾರ್ದದ ಬಗ್ಗೆ ಚಿತ್ರ ಮಾಡಲು ಹೊರಟ ಹುಡುಗನಿಗೆ ತನ್ನ ಬೀದಿಯನ್ನು ಹೀಗೆ ತೋರಿಸುವ ಉದ್ದೇಶವಿರುವುದಿಲ್ಲ. ಉದ್ದೇಶವಿಲ್ಲದೆಯೇ ಅದು ಆಗುತ್ತದೆ, ಯಾಕೆಂದರೆ ಅವನಲ್ಲಿ ಹೊತ್ತಿರುವುದಿಲ್ಲ. ನಾವು ನೋಡಲು ಹೊತ್ತು ಕೊಡದಿದ್ದ ಕಡೆಗಳಲ್ಲೆಲ್ಲ ಬೇರೆ ಯಾರೋ ನೋಡಿಟ್ಟದ್ದು ಬಂದು ಕೂರುತ್ತದೆ.

ಹಾಗಾದರೆ ಎಷ್ಟು ಹೊತ್ತು ಬೇಕು? ಮೊದಲನೆಯದಾಗಿ, ನಿಮಿಷಗಳನ್ನು ಎಣಿಸುವುದನ್ನು ಬಿಟ್ಟು ಶಾಟ್‌ಗಳನ್ನು ಎಣಿಸಬೇಕು. ಹನ್ನೆರಡು ನಿಮಿಷದ ಚಿತ್ರದಲ್ಲಿ 40 ಶಾಟ್ ಇರಬಹುದು, 160 ಇರಬಹುದು. 160 ಎಂದೇ ಇಟ್ಟುಕೊಳ್ಳಿ. ಒಂದೊಂದಕ್ಕೆ ಸರಾಸರಿ 6 ನಿಮಿಷ ಎಂದರೂ 960 ನಿಮಿಷ, ಅಂದರೆ 16 ಗಂಟೆ. ಕಣ್ಣು ಯಂತ್ರವಲ್ಲ. ಒಂದೇ ಪರದೆಯನ್ನು ಆರು ಗಂಟೆ ನೋಡಿದ ಮೇಲೆ ಅದು ಹಳದಿಯನ್ನೇ ಬಿಳಿಯೆಂದು ಒಪ್ಪಿಕೊಳ್ಳಲು ಶುರುಮಾಡುತ್ತದೆ. ಹಾಗಾಗಿ 16 ಗಂಟೆಯೆಂದರೆ ಸುಮಾರು ಮೂರು ದಿನ. ಅದಕ್ಕೂ ಮೊದಲು ಸಂಕಲನಕಾರ ಕೊಟ್ಟದ್ದನ್ನು ಮೂಲ ಫೈಲುಗಳಿಗೆ ಜೋಡಿಸಿ ತಾಳೆ ನೋಡಲು ಅರ್ಧ ದಿನ. ನಿರ್ದೇಶಕ, ಛಾಯಾಗ್ರಾಹಕ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಐದಾರು ಮುಖ್ಯ ಶಾಟ್‌ಗಳಲ್ಲಿ ಚಿತ್ರದ ಒಟ್ಟು ಬಣ್ಣವನ್ನು ತೀರ್ಮಾನಿಸಲು ಇನ್ನರ್ಧ ದಿನ. ಕೊನೆಗೆ ಒಂದು ನಿದ್ದೆ ಮಾಡಿ ಎದ್ದು, ಬೇರೆ ಪರದೆಯಲ್ಲಿ, ಸಾಧ್ಯವಿದ್ದರೆ ಪ್ರೊಜೆಕ್ಟರಿನಲ್ಲಿ ನೋಡಿ ತಿದ್ದಲು ಒಂದು ದಿನ. ಒಟ್ಟು ಐದು ದಿನ. ಒಂದೇ ಮನೆಯೊಳಗೆ ಒಂದೇ ಬೆಳಕಿನಲ್ಲಿ ತೆಗೆದ 40 ಶಾಟ್‌ಗಳ ಚಿತ್ರಕ್ಕೆ ಎರಡು ದಿನ ಸಾಕಾದೀತು. ಅರ್ಧ ಕ್ಯಾಮರಾದಲ್ಲಿ, ಅರ್ಧ ಮೊಬೈಲಿನಲ್ಲಿ ತೆಗೆದಿದ್ದರೆ ಐದು ಏಳಾಗುತ್ತದೆ. ಇದು ದೊಡ್ಡವರ ಲೆಕ್ಕವಲ್ಲ. ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಚಿತ್ರದ ಹಸಿರನ್ನು ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಲು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಹನ್ನೊಂದು ವಾರ ಕೂತಿದ್ದರು.

ಈ ಸರಾಸರಿ ಆರು ನಿಮಿಷ ಎಂಬುದೂ ಒಂದು ಸುಳ್ಳೇ. ಸಮುದ್ರದ ಶಾಟ್‌ಗೆ ಎರಡು ನಿಮಿಷ ಸಾಕು. ಬುರ್ಖಾ ತೊಟ್ಟ ಮೂವರು ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ಕೂತು ಮಾತಾಡುವ ಶಾಟ್‌ಗೆ ಅರ್ಧ ಗಂಟೆಯೂ ಸಾಲದು. ಕಪ್ಪು ಬುರ್ಖಾ ಎಂದರೆ ಒಂದೇ ಕಪ್ಪಲ್ಲ. ಹೊಸದರ ಕಪ್ಪು ಬೇರೆ, ಎರಡು ವರ್ಷ ಒಗೆದು ಅಂಚಿನಲ್ಲಿ ಕಂದುಗಟ್ಟಿದ್ದರ ಕಪ್ಪು ಬೇರೆ. ಮಡಿಕೆಗಳಿವೆ, ತೋಳಿನ ಕಸೂತಿಯಿದೆ, ಯಾರದ್ದು ಹೊಸದು, ಯಾರದ್ದು ಅಕ್ಕನದ್ದು ಎಂಬುದು ಅದರಿಂದಲೇ ತಿಳಿಯುತ್ತದೆ. ಚಿತ್ರಕ್ಕೆ ‘ಗಟ್ಟಿ ಲುಕ್’ ಬರಲಿ ಎಂದು ಕಪ್ಪನ್ನು ಒಂದೇ ಸಲ ಕೆಳಗಿಳಿಸಿದಿರೋ, ಮೂರು ಹೆಂಗಸರು ಹೋಗಿ ಪರದೆಯಲ್ಲಿ ಮೂರು ತೂತುಗಳು ಉಳಿಯುತ್ತವೆ. ಮುಸ್ಲಿಮ್ ಹೆಂಗಸನ್ನು ಮುಖವಿಲ್ಲದ ಕಪ್ಪು ಆಕೃತಿಯೆಂದು ತೋರಿಸುವ ಪತ್ರಿಕಾ ಚಿತ್ರಗಳ ಬಗ್ಗೆ ಇಷ್ಟು ವರ್ಷ ಬರೆದ ನಾವು, ನಮ್ಮ ಮನೆಯ ಹುಡುಗ ಅದನ್ನೇ ಮಾಡಿದಾಗ ಸುಮ್ಮನಿರುವುದು ಹೇಗೆ? ಆ ಮಡಿಕೆಗಳನ್ನು ಹಾಗೆಯೇ ಉಳಿಸಿಕೊಂಡು, ಟ್ಯೂಬ್‌ಲೈಟಿನ ಹಸಿರನ್ನು ಮುಖದಿಂದ ತೆಗೆದು, ಗೋಡೆಯಲ್ಲಿ ಸ್ವಲ್ಪ ಬಿಟ್ಟು, ಮುಖ ಅಲುಗಿದಲ್ಲೆಲ್ಲ ಆ ತಿದ್ದುಪಡಿಯೂ ಅಲುಗುವಂತೆ ಮಾಡುವುದಕ್ಕೆ ಹೊತ್ತು ಹಿಡಿಯುತ್ತದೆ.

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. ‘ವಿಷಯ ಮುಖ್ಯ, ಬಣ್ಣವೆಲ್ಲ ಶೋಕಿ.’ ಬೀಡಿ ಕಟ್ಟುವ ಹೆಂಗಸಿನ ಬಡತನ ವಿಷಯವಾದರೆ ಅವಳ ಮುಖ ವಿಷಯವಲ್ಲವೆ? ಇನ್ನೊಂದು ಉತ್ತರ, ‘ನಮ್ಮಲ್ಲಿ ದುಡ್ಡಿಲ್ಲ.’ ಹಿಂದೆ ಈ ಮಾತಿಗೆ ಅರ್ಥವಿತ್ತು. ರೀಲಿನ ಕಾಲದಲ್ಲಿ ಗ್ರೇಡಿಂಗ್ ಎಂದರೆ ದೊಡ್ಡ ಲ್ಯಾಬಿಗೇ ಹೋಗಬೇಕಿತ್ತು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕನ್ನು ಏರಿಸಿ ಇಳಿಸುವುದಷ್ಟೇ ಅಲ್ಲಿದ್ದ ದಾರಿ. ಡಿಜಿಟಲ್ ಬಂದ ಮೇಲೂ ಡಾವಿಂಚಿ ಯಂತ್ರಗಳು ನಮ್ಮ ಕೈಗೆಟುಕುವ ಬೆಲೆಯವಾಗಿರಲಿಲ್ಲ. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಆ ಕಂಪೆನಿಯನ್ನು ಕೊಂಡಿತು, 2011ರಿಂದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಿಗುತ್ತಿದೆ. ಈಗ ಬೇಕಾದದ್ದು ಒಂದು ಮಟ್ಟದ ಕಂಪ್ಯೂಟರ್ ಮತ್ತು ದಿನಗಳು. ಕಂಪ್ಯೂಟರನ್ನು ಹೇಗೋ ಹೊಂದಿಸುತ್ತಾರೆ, ದಿನಗಳನ್ನು ಹೊಂದಿಸುವುದಿಲ್ಲ. ಬಿಡುಗಡೆಯ ದಿನ ಸಭಾಂಗಣ, ಶಾಲು, ಬಿರಿಯಾನಿಗೆ ದಾನಿಗಳು ಸಿಗುತ್ತಾರೆ. ಐದು ದಿನ ಕತ್ತಲ ಕೋಣೆಯಲ್ಲಿ ಕೂರುವ ಹುಡುಗನ ಕೂಲಿ ಕೊಡಲು ಯಾರೂ ಸಿಗುವುದಿಲ್ಲ. ನಾವೂ ಆ ಸಭೆಗಳಲ್ಲಿ ಶಾಲು ಹೊದ್ದವರೇ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ದಿನಗಳನ್ನು ಉಳಿಸುವ ದಾರಿಯಿದೆ. ಅದು ಇರುವುದು ಚಿತ್ರೀಕರಣದ ಜಾಗದಲ್ಲಿ. ಕ್ಯಾಮರಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ದೃಶ್ಯ ಮುಗಿಯುವವರೆಗೆ ಒಂದೇ ಅಂಕಿಗೆ ಕಟ್ಟಿಹಾಕಿ. ಪ್ರತಿ ಬೆಳಕಿನಲ್ಲೂ ಮೊದಲು ಬೂದು ಕಾರ್ಡೊಂದನ್ನು ಮುಖದ ಪಕ್ಕದಲ್ಲಿ ಹಿಡಿದು ತೆಗೆಯಿರಿ. ಕಿಟಕಿಯ ಬಿಸಿಲೂ ಟ್ಯೂಬ್‌ಲೈಟೂ ಒಂದೇ ಮುಖದ ಮೇಲೆ ಬೀಳುತ್ತಿದ್ದರೆ ಒಂದನ್ನು ಆರಿಸಿ. ಇಷ್ಟು ಮಾಡಿದರೆ ಐದು ದಿನದಲ್ಲಿ ಒಂದು ಉಳಿಯಬಹುದು. ಸಿದ್ಧ ಲಟ್ ತಪ್ಪೆಂದೂ ನಾವು ಹೇಳುವುದಿಲ್ಲ. ‘ಮೂನ್‌ಲೈಟ್’ (2016) ಚಿತ್ರದಲ್ಲೂ ಲಟ್‌ಗಳಿದ್ದವು. ಆದರೆ ಕಲರಿಸ್ಟ್ ಅಲೆಕ್ಸ್ ಬಿಕೆಲ್ ಅವನ್ನು ಆ ಚಿತ್ರಕ್ಕೆಂದೇ, ಅದರ ಮೂರು ಭಾಗಗಳಿಗೆ ಬೇರೆ ಬೇರೆಯಾಗಿ ರೂಪಿಸಿದ್ದರು. ಕಪ್ಪು ಜನರ ಮುಖಗಳು ಆ ಚಿತ್ರದಲ್ಲಿ ಹೊಳೆಯುತ್ತವೆ, ಬಿಳಿಯಾಗುವುದಿಲ್ಲ.

ಆ ಹುಡುಗ ಮೊನ್ನೆ ಹೊಸ ಚಿತ್ರದ ಕಾಗದಪತ್ರ ಹಿಡಿದುಕೊಂಡು ಬಂದಿದ್ದ. ಸ್ಪರ್ಧೆಯ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಐದು ದಿನ ‘ಬಣ್ಣ’ ಎಂದು ಬರೆದಿದ್ದ. ಗೆಳೆಯನಿಗೆ ದಿನಕ್ಕಿಷ್ಟು ಎಂದು ಕೂಲಿಯನ್ನೂ ನಮೂದಿಸಿದ್ದ. ಉಮ್ಮ ಇದರಲ್ಲೂ ಇದ್ದಾರಾ ಎಂದು ಕೇಳಿದೆವು.

‘ಇಲ್ಲ. ಮೊದಲು ಹಳೆಯದರಲ್ಲಿ ನನ್ನ ಬಣ್ಣ ವಾಪಸ್ ಕೊಡು, ಆಮೇಲೆ ನೋಡುವ ಅಂದಿದ್ದಾರೆ’ ಎಂದ.